ಮಡಿಚಿದ ಚಾವಣಿ, ಕಬ್ಬಿನ ನಾಡಿನ ಹಳೆಯ ರಸ್ತೆ

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಸಾಗುವುದರಿಂದ, ಸಂಸ್ಥಾನದ ಕಾಲದಿಂದಲೂ ಅರಮನೆಯ ಮೈಸೂರಿಗೂ ಕಚೇರಿಗಳ ಬೆಂಗಳೂರಿಗೂ ಕೊಂಡಿಯಾಗಿದ್ದ ಹಳೆಯ ರಸ್ತೆಯ ಮೇಲಿನ ಭಾರ ಒಂದಿಷ್ಟು ಇಳಿದಿದೆ. ಅವಸರವಿರುವವರೆಲ್ಲ ಹೊಸ ರಸ್ತೆಗೆ ಹೋದ ಮೇಲೆ ಹಳೆಯ ರಸ್ತೆ ಊರವರ, ಎತ್ತಿನ ಗಾಡಿಗಳ, ಕಬ್ಬು ಹೇರಿದ ಟ್ರ್ಯಾಕ್ಟರುಗಳ ಪಾಲಿಗೆ ಉಳಿಯಿತು. ಅವುಗಳ ಜೊತೆಗೆ, ಗಂಟೆಗೆ 45–50 ಕಿಲೋಮೀಟರ್ ವೇಗದಲ್ಲಿ ನೆಮ್ಮದಿಯಿಂದ ಓಡಬಲ್ಲ, ಅದಕ್ಕಿಂತ ಹೆಚ್ಚಿಗೆ ಒತ್ತಾಯಿಸಿದರೆ ಗೊಣಗತೊಡಗುವ ಇನ್ನೊಂದು ಬಗೆಯ ವಾಹನಕ್ಕೂ ಅದು ತಕ್ಕ ಜಾಗವಾಯಿತು. ಅದು ಸುಮಾರು ನೂರು ವರ್ಷದ ಹಿಂದೆ ‘ಟೂರಿಂಗ್ ಕಾರು’ ಅಥವಾ ‘ಟೂರರ್’ ಎಂದು ಕರೆಸಿಕೊಂಡ, ಕ್ಯಾನ್ವಾಸ್ ಚಾವಣಿಯನ್ನು ಹಿಂದಕ್ಕೆ ಮಡಿಚಿ ಓಡಿಸುವ ತೆರೆದ ಕಾರು. ಬೆಂಗಳೂರು, ಮೈಸೂರಿನ ಹವ್ಯಾಸಿಗಳು ಇಂಥ ಕಾರುಗಳನ್ನು ಹುಡುಕಿ, ಬಿಚ್ಚಿ, ಮತ್ತೆ ಜೋಡಿಸಿ, ಅವುಗಳಿಗಾಗಿ ಹಣವನ್ನೂ ಭಾನುವಾರಗಳನ್ನೂ ಸುರಿಯುತ್ತಾರೆ. ಹೀಗೆ ಸುರಿಯುವುದಕ್ಕೆ ಪ್ರತಿಷ್ಠೆ ಒಂದು ಕಾರಣವಿದ್ದೀತು, ಆದರೆ ಅದೊಂದರಿಂದಲೇ ಈ ಹಂಬಲವನ್ನು ವಿವರಿಸಲಾಗದು. ಪ್ರತಿಷ್ಠೆ ಬೇಕಾದವರಿಗೆ ಕೈಗೆ ಗ್ರೀಸು ಅಂಟದ ಸುಲಭದ ದಾರಿಗಳು ಬೇಕಾದಷ್ಟಿವೆ. ಕಳೆದ ನೂರು ವರ್ಷಗಳಲ್ಲಿ ಮೋಟಾರು ಕಾರು ತನ್ನ ಚಾಲಕನಿಂದ ಒಂದೊಂದಾಗಿ ಕಿತ್ತುಕೊಂಡ ಕೆಲಸಗಳನ್ನೆಲ್ಲ ಟೂರರ್ ಅವನ ಕೈಗೆ ಮರಳಿ ಒಪ್ಪಿಸುತ್ತದೆ, ಆ ಕೆಲಸ ನಡೆಯುವಾಗ ಅವನನ್ನು ಸುತ್ತಲಿನ ಸೀಮೆಯಿಂದ ಗಾಜು ಹಾಕಿ ಬೇರ್ಪಡಿಸುವುದೂ ಇಲ್ಲ. ಅದರ ಸೆಳೆತದ ಬೇರು ಇರುವುದು ಇಲ್ಲಿ.

ತೆರೆದ ಕಾರುಗಳೆಲ್ಲ ಒಂದೇ ಜಾತಿಯವಲ್ಲ. ಇಬ್ಬರಿಗಷ್ಟೇ ಆಸನವಿರುವುದು ‘ರೋಡ್‌ಸ್ಟರ್’. ಚಾವಣಿಯನ್ನು ಮಡಿಚಬಹುದಾದರೂ ಬಾಗಿಲಿನಲ್ಲಿ ಏರಿಳಿಸುವ ಗಾಜಿನ ಕಿಟಕಿಗಳುಳ್ಳದ್ದು, ಅಂದರೆ ಮುಚ್ಚಿದಾಗ ಸರಿಸುಮಾರು ಮನೆಯೇ ಆಗುವಂಥದ್ದು ‘ಕನ್ವರ್ಟಿಬಲ್’. ನಾಲ್ಕೈದು ಜನ ಕೂರಬಹುದಾದ, ಗಾಜಿನ ಕಿಟಕಿಗಳೇ ಇಲ್ಲದ, ಮಳೆ ಬಂದರೆ ಬಾಗಿಲ ಮೇಲೆ ಗುಂಡಿ ಹಾಕಿ ಬಟ್ಟೆಯ ಪರದೆಗಳನ್ನು ಕಟ್ಟಿಕೊಳ್ಳಬೇಕಾದದ್ದು ಟೂರಿಂಗ್ ಕಾರು. ಈಗಿನ ಆಡುಮಾತಿನಲ್ಲಿ ಮೂರನ್ನೂ ‘ಓಪನ್ ಕಾರು’ ಎಂದು ಒಟ್ಟಿಗೆ ಸೇರಿಸಿಬಿಡುವುದು ರೂಢಿ. ಆ ಪರದೆಗಳ ನಡುವೆ ನೋಡಲೆಂದು ಹೊಲಿದಿದ್ದ ಸೆಲ್ಯುಲಾಯ್ಡ್ ಹಾಳೆ ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಸೀಳುತ್ತಿತ್ತು. ಚಾವಣಿಯೆಂದರೆ ಬಾಗಿಸಿದ ಮರದ ಪಕ್ಕೆಗಳ ಮೇಲೆ ಬಿಗಿದ ದಪ್ಪ ಬಟ್ಟೆ, ಅದನ್ನು ಎತ್ತಿ ನಿಲ್ಲಿಸಿ ಮುಂದಿನ ಗಾಜಿನ ಚೌಕಟ್ಟಿಗೆ ಪಟ್ಟಿಯಿಂದ ಕಟ್ಟುವುದು ಇಬ್ಬರ ಕೆಲಸ. ಮುಂಗಾರಿನ ಮೊದಲ ಹನಿ ಬಿದ್ದ ಮೇಲೆ ಶುರು ಮಾಡಿದರೆ ಕಟ್ಟಿ ಮುಗಿಸುವುದರೊಳಗೆ ಕೂತವರೆಲ್ಲ ತೊಯ್ದಿರುತ್ತಾರೆ.

ಹೀಗಿದ್ದೂ 20ನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ಕಾರೆಂದರೆ ಬಹುಪಾಲು ತೆರೆದ ಕಾರೇ ಆಗಿತ್ತು. 1919ರ ಹೊತ್ತಿಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಕಾರುಗಳಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ತೆರೆದವಾಗಿದ್ದುದಕ್ಕೆ ಜನರಿಗಿದ್ದ ಗಾಳಿಯ ಮೋಹ ಕಾರಣವಲ್ಲ, ದುಡ್ಡಿನ ಲೆಕ್ಕ ಕಾರಣ: ಮರದ ಚೌಕಟ್ಟಿಗೆ ತಗಡು ಹೊದಿಸಿ ಗಾಜು ಕೂರಿಸಿದ ಮುಚ್ಚಿದ ಕಾರು ಬಡಗಿ ಮತ್ತು ತಗಡುಗಾರರ ವಾರಗಟ್ಟಲೆ ದುಡಿಮೆ ಬೇಡುತ್ತಿತ್ತು, ತೂಕವೂ ಹೆಚ್ಚು, ಬೆಲೆಯೂ ಹೆಚ್ಚು. ಉಕ್ಕಿನ ಹಾಳೆಗಳನ್ನು ದೊಡ್ಡ ಅಚ್ಚುಗಳಲ್ಲಿ ಒತ್ತಿ ಆಕಾರ ಕೊಡುವ ವಿಧಾನ ಬಲಿಯುತ್ತಿದ್ದಂತೆ ಈ ಅಂತರ ಕರಗಿತು. ಹಡ್ಸನ್ ಕಂಪನಿಯ ‘ಎಸೆಕ್ಸ್’ ಎಂಬ ಮುಚ್ಚಿದ ಕಾರು 1922ರಲ್ಲಿ ಅದೇ ಹೆಸರಿನ ತೆರೆದ ಕಾರಿಗಿಂತ ಸ್ವಲ್ಪವೇ ದುಬಾರಿಯಾಗಿ ಬಂದು, 1925ರ ಹೊತ್ತಿಗೆ ಅದಕ್ಕಿಂತ ಅಗ್ಗವಾಯಿತು. ಆ ದಶಕ ಮುಗಿಯುವಷ್ಟರಲ್ಲಿ ಲೆಕ್ಕವೇ ತಲೆಕೆಳಗಾಗಿ, ಟೂರರ್ ಬಡವರ ಹಾಗೂ ಹಳ್ಳಿಗರ ಕಾರಾಗಿ ಉಳಿದು, ಆಮೇಲೆ ಮರೆಯಾಯಿತು. ಹಳೆಯ ಕಾರುಗಳ ಸಂಗ್ರಾಹಕರಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ವಿಂಗಡಣೆಯ ಪ್ರಕಾರ 1919ರ ಆರಂಭದಿಂದ 1930ರ ಕೊನೆಯವರೆಗೆ ತಯಾರಾದದ್ದು ಮಾತ್ರ ‘ವಿಂಟೇಜ್’. ಅಂದರೆ ಟೂರಿಂಗ್ ಕಾರಿನ ಉಚ್ಛ್ರಾಯವೂ ಅವಸಾನವೂ ಆ 12 ವರ್ಷಗಳೊಳಗೇ ಅಡಗಿವೆ. ಆಡುಮಾತಿನಲ್ಲಿ ಅಂಬಾಸಿಡರನ್ನೂ ಫಿಯಟನ್ನೂ ವಿಂಟೇಜ್ ಗಾಡಿ ಎಂದುಬಿಡುವವರನ್ನು ಕಂಡು ಈ ಹವ್ಯಾಸದ ಕಟ್ಟಾಳುಗಳು ಹುಬ್ಬು ಗಂಟಿಕ್ಕುವುದು ಇದೇ ಕಾರಣಕ್ಕೆ.

ಮೈಸೂರು ಸಂಸ್ಥಾನದಲ್ಲಿ ಮೋಟಾರು ಕಾರು ಮೊದಲು ಅರಮನೆಯ ಸೊತ್ತಾಗಿ ಕಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ರೋಲ್ಸ್ ರಾಯ್ಸ್‌ಗಳ ಬಗ್ಗೆ ಇರುವ ಕಥೆಗಳಿಗೆ ಲೆಕ್ಕವಿಲ್ಲ. ಮೈಸೂರು ಅರಸರು ಅವನ್ನು ಏಳೇಳರ ಗುಂಪಿನಲ್ಲಿ ಕೊಳ್ಳುತ್ತಿದ್ದರು, ಅದರಿಂದಾಗಿ ಆ ಕಂಪನಿಯೊಳಗೆ ಸಗಟು ಖರೀದಿಗೆ ಮೈಸೂರಿನ ಹೆಸರೇ ಅಂಟಿಕೊಂಡಿತ್ತು ಎಂಬ ಮಾತು ಕಾರುಗಳ ಚರಿತ್ರೆ ಬರೆದವರಲ್ಲಿ ಪ್ರಚಲಿತವಾಗಿದೆ. ಆದರೆ ಮದ್ದೂರು–ಮಳವಳ್ಳಿ ಸೀಮೆಯ ಜನ ನಿಜವಾಗಿ ಕಂಡ ಕಾರುಗಳು ಇವಕ್ಕಿಂತ ಸಾದಾ ಜಾತಿಯವು. ಫೋರ್ಡ್ ಸಂಸ್ಥೆ ತನ್ನ ಕೆನಡಾ ಶಾಖೆಯ ಮೂಲಕ 1926ರಲ್ಲಿ ಭಾರತದಲ್ಲಿ ಕಂಪನಿ ತೆರೆಯಿತು, ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಕಾರು ಜೋಡಿಸಲು ತೊಡಗಿತು. ಬ್ರಿಟಿಷ್ ಚಕ್ರಾಧಿಪತ್ಯದ ಭಾಗವಾದ ಕೆನಡಾದಲ್ಲಿ ಬಲಗಡೆ ಸ್ಟಿಯರಿಂಗಿನ ಕಾರುಗಳು ತಯಾರಾಗುತ್ತಿದ್ದುದರಿಂದ ಫೋರ್ಡುಗಳು ಇಲ್ಲಿನ ರಸ್ತೆಗೆ ಸಲೀಸಾಗಿ ಒಗ್ಗಿದವು. ಅಮೆರಿಕದ ರೈತರ ಕೆಸರು ರಸ್ತೆಗೆಂದು ನೆಲದಿಂದ ಎತ್ತರಕ್ಕೆ ಕಟ್ಟಿದ ಆ ಕಾರುಗಳಿಗೆ ಸಂಸ್ಥಾನದ ಕಲ್ಲು–ಮಣ್ಣಿನ ಹಾದಿಗಳೇನೂ ಹೊಸತಾಗಿರಲಿಲ್ಲ. ಕನ್ನಂಬಾಡಿ ಕಟ್ಟೆಯ ಕಾಮಗಾರಿ, ಆಮೇಲೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ನಾಲೆ, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು, ಇವೆಲ್ಲ ಇಂಜಿನಿಯರುಗಳನ್ನೂ ಅಧಿಕಾರಿಗಳನ್ನೂ ಈ ಸೀಮೆಗೆ ತಂದ ಕಾಲ ಮತ್ತು ಟೂರಿಂಗ್ ಕಾರುಗಳ ಕೊನೆಗಾಲ ಒಂದರ ಮೇಲೊಂದು ಹಾಯುತ್ತವೆ.

ಸಂಸ್ಥಾನಕ್ಕೆ ಸ್ವಂತ ಕಾರು ಕಟ್ಟುವ ಕನಸೂ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪ್ ಮತ್ತು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಯ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದರು, ಮೈಸೂರು ಸರ್ಕಾರವೂ ನೆರವಿಗೆ ಮುಂದಾಯಿತು. ಯುದ್ಧದ ದಿನಗಳಲ್ಲಿ ಬ್ರಿಟಿಷ್ ಸರ್ಕಾರ ಒಪ್ಪದ ಕಾರಣ ಬೆಂಗಳೂರಿಗೆ 1940ರಲ್ಲಿ ವಿಮಾನದ ಕಾರ್ಖಾನೆ ಬಂತು, ಕಾರಿನದು ಬರಲಿಲ್ಲ. ವಾಲ್‌ಚಂದರ ಪ್ರೀಮಿಯರ್ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು.

ಅದೇ ಯುದ್ಧ ಹಳೆಯ ಟೂರರುಗಳಿಗೆ ದೊಡ್ಡ ಕಂಟಕವಾಯಿತು. ಪೆಟ್ರೋಲಿಗೆ ಪಡಿತರ ಬಂದು ಬಸ್ಸು ಲಾರಿಗಳು ಬೆನ್ನಿಗೆ ಇದ್ದಿಲಿನ ಒಲೆ ಹೊತ್ತು ಅದರ ಅನಿಲದಿಂದ ಓಡತೊಡಗಿದಾಗ, ಮಾಲೀಕರಿಗೆ ಬೇಡವಾದ ತೆರೆದ ಕಾರುಗಳ ಹಿಂಭಾಗವನ್ನು ಕತ್ತರಿಸಿ ಹಲಗೆ ಜೋಡಿಸಿ ಸಣ್ಣ ಲಾರಿ ಮಾಡಿಕೊಂಡವರಿದ್ದರು. ಸ್ವಾತಂತ್ರ್ಯಾನಂತರ ಆಮದಿನ ಮೇಲೆ ಕಡಿವಾಣ ಬಿದ್ದು, 1950ರ ದಶಕದ ಮೊದಲರ್ಧದಲ್ಲಿ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಎರಡೂ ಭಾರತದ ಜೋಡಣೆಯನ್ನು ನಿಲ್ಲಿಸಿದ ಮೇಲೆ ಬಿಡಿಭಾಗಗಳ ಮೂಲವೇ ಬತ್ತಿತು. ಆಗ ಕಾರು ಓಡಬೇಕಾದರೆ ಊರಿನ ಲೇತು, ಕಮ್ಮಾರನ ಕುಲುಮೆ, ಮೆಕ್ಯಾನಿಕ್ಕಿನ ಜಾಣ್ಮೆ ಇವೇ ಗತಿಯಾದವು. ಮೂಲ ಇಂಜಿನ್ ಸೀಳಿದಾಗ ಕೈಗೆ ಸಿಕ್ಕ ಬೇರಾವುದೋ ಇಂಜಿನನ್ನು ಕೂರಿಸಿದರು. ಗೇರು ಹಲ್ಲು ಮುರಿದರೆ ಹೊಸ ಹಲ್ಲು ಕಡೆದರು. ಇಂದು ಪುನರುಜ್ಜೀವನಕ್ಕೆಂದು ಸಿಗುವ ಕಾರುಗಳು ಹೀಗೆ ಮೂರು ನಾಲ್ಕು ಜನ್ಮ ಕಂಡವಾಗಿರುತ್ತವೆ, ಅವುಗಳ ಕಲಬೆರಕೆಗೂ ಅವು ಬದುಕುಳಿದುದಕ್ಕೂ ಕಾರಣ ಒಂದೇ.

ಇಂಥ ಕಾರನ್ನು ಓಡಿಸುವುದರಲ್ಲಿ ಸುಖವೇನಿದೆ ಎಂಬುದನ್ನು ಅರಿಯಲು ಅದನ್ನು ಶುರು ಮಾಡುವ ಕ್ರಮವನ್ನೇ ನೋಡಬಹುದು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರನ್ನು ಕ್ಯಾಡಿಲಾಕ್ ಕಂಪನಿ 1912ರ ಮಾದರಿಯಲ್ಲಿ ಅಳವಡಿಸಿತಾದರೂ, ಫೋರ್ಡಿನ ಪ್ರಸಿದ್ಧ ‘ಮಾಡೆಲ್ ಟಿ’ ಕಾರಿಗೆ ಅದು ಬಂದದ್ದು 1919ರಲ್ಲಿ, ಅದೂ ಬೇಕೆಂದವರಿಗೆ. ಅದಿಲ್ಲದ ಕಾರನ್ನು ಮುಂದೆ ನಿಂತು ಹ್ಯಾಂಡಲ್ ಹೊಡೆದೇ ಎಬ್ಬಿಸಬೇಕು. ಸ್ಟಿಯರಿಂಗ್ ಕಂಬದ ಎಡಕ್ಕಿರುವ ಸಣ್ಣ ಸನ್ನೆಯಿಂದ ಕಿಡಿ ಹಾರುವ ಸಮಯವನ್ನು ಮೊದಲು ಹಿಂದಕ್ಕೆ ಸರಿಸಿಕೊಳ್ಳಬೇಕು. ಮರೆತು ಹ್ಯಾಂಡಲ್ ತಿರುಗಿಸಿದರೆ ಪಿಸ್ಟನ್ ಮೇಲೇರಿ ಮುಗಿಯುವ ಮುನ್ನವೇ ಪೆಟ್ರೋಲ್ ಹೊತ್ತಿ, ಇಂಜಿನ್ ಹಿಮ್ಮುಖವಾಗಿ ಒದ್ದು ಮಣಿಕಟ್ಟನ್ನೇ ಮುರಿದೀತು. ಪಳಗಿದವರು ಹ್ಯಾಂಡಲನ್ನು ಎಡಗೈಯಲ್ಲಿ ಹಿಡಿಯುತ್ತಾರೆ, ಹೆಬ್ಬೆರಳನ್ನು ಹಿಡಿಯ ಆಚೆಗೆ ಸುತ್ತದೆ ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಇಡುತ್ತಾರೆ, ಕೆಳಕ್ಕೆ ಒತ್ತದೆ ಮೇಲಕ್ಕೆ ಎಳೆಯುತ್ತಾರೆ. ಇಂಜಿನ್ ಒದ್ದರೂ ಹ್ಯಾಂಡಲ್ ಬೆರಳುಗಳಿಂದ ಜಾರಿಹೋಗಲಿ ಎಂಬುದು ಇದರ ಒಳಗುಟ್ಟು. ಇಂಜಿನ್ ಹಿಡಿದುಕೊಂಡ ಕೂಡಲೇ ಓಡಿ ಬಂದು ಕಿಡಿಯ ಸನ್ನೆಯನ್ನು ಮುಂದಕ್ಕೆ ತಂದರೆ, ಇಡೀ ಗಾಡಿಯನ್ನು ಅಲುಗಿಸುತ್ತಿದ್ದ ತಡವರಿಕೆ ಇಳಿದು ಸದ್ದು ಒಂದು ಲಯಕ್ಕೆ ಬರುತ್ತದೆ.

1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಮಾಡೆಲ್ ಟಿ, ಇಂದಿನ ಚಾಲಕನ ಕಾಲಿನ ಅಭ್ಯಾಸಗಳನ್ನೆಲ್ಲ ಬುಡಮೇಲು ಮಾಡುತ್ತದೆ. ಅದರ ಮೂರು ಪೆಡಲುಗಳಲ್ಲಿ ಎಡಗಡೆಯದನ್ನು ಪೂರ್ತಿ ಒತ್ತಿದರೆ ಕೆಳಗಿನ ಗೇರು, ಪೂರ್ತಿ ಬಿಟ್ಟರೆ ಮೇಲಿನ ಗೇರು, ನಡುವೆ ಹಿಡಿದರೆ ಯಾವುದೂ ಇಲ್ಲ. ಮಧ್ಯದ್ದು ರಿವರ್ಸಿಗೆ, ಬಲಗಡೆಯದು ಬ್ರೇಕಿಗೆ, ಆಕ್ಸಿಲರೇಟರ್ ಕಾಲಿಗಿಲ್ಲದೆ ಸ್ಟಿಯರಿಂಗಿನ ಕೆಳಗೆ ಬೆರಳಿಗೆ ಸಿಗುವಂತಿದೆ. ಸುಮಾರು 2.9 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ನಿನಿಂದ ಬರುವುದು 20 ಅಶ್ವಶಕ್ತಿ. ಇಂಧನವನ್ನು ದೂಡುವ ಪಂಪು ಇಲ್ಲ, ಆಸನದ ಅಡಿಯ ಟ್ಯಾಂಕಿನಿಂದ ಪೆಟ್ರೋಲ್ ತಾನಾಗಿ ಹರಿದು ಬರಬೇಕು. ಆದ್ದರಿಂದ ಟ್ಯಾಂಕು ತಳ ಹಿಡಿದಾಗ ಮೇಲುಕೋಟೆಯಂಥ ಏರು ಎದುರಾದರೆ ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಹತ್ತಿಸುವುದೇ ಉಪಾಯ, ಇದು ಆ ಕಾಲದಲ್ಲಿ ಲೋಕವೆಲ್ಲ ಬಲ್ಲ ಮಾತಾಗಿತ್ತು. ಬೇರೆ ಕಂಪನಿಗಳ ಟೂರರುಗಳಲ್ಲಿ ಈಗಿನಂತೆಯೇ ಕ್ಲಚ್ಚು, ಗೇರು ಇದ್ದರೂ, ಗೇರುಗಳ ವೇಗವನ್ನು ತಾನಾಗಿ ಹೊಂದಿಸುವ ಸಿಂಕ್ರೋಮೆಶ್ ಇಲ್ಲದ್ದರಿಂದ ಕ್ಲಚ್ಚನ್ನು ಎರಡೆರಡು ಬಾರಿ ಒತ್ತಿ, ನಡುವೆ ಇಂಜಿನ್ನಿನ ವೇಗವನ್ನು ಕಿವಿಯಿಂದ ಅಳೆದು ಗೇರು ಹಾಕಬೇಕು. ಅಳತೆ ತಪ್ಪಿದರೆ ಹಲ್ಲು ಕಡಿಯುವ ಸದ್ದು ಬೀದಿಗೆಲ್ಲ ಕೇಳಿಸುತ್ತದೆ. 1920ರ ದಶಕದ ಮಧ್ಯದವರೆಗೆ ಹೆಚ್ಚಿನ ಕಾರುಗಳಿಗೆ ಬ್ರೇಕು ಇದ್ದದ್ದು ಹಿಂದಿನ ಚಕ್ರಗಳಿಗೆ ಮಾತ್ರ. ಹಾಗಾಗಿ ಚಾಲಕ ತನ್ನ ಕಣ್ಣನ್ನು ಎದುರಿನ ವಾಹನದ ಮೇಲಷ್ಟೇ ನೆಡದೆ ಇನ್ನೂರು ಮೀಟರ್ ಆಚೆಯ ತಿರುವಿನ ಮೇಲೆ, ರಸ್ತೆಯಂಚಿನ ಎಮ್ಮೆಯ ಮನಸ್ಸಿನ ಮೇಲೆ ಇಡಬೇಕಾಗುತ್ತದೆ.

ಹೀಗೆ ಕೈ, ಕಾಲು, ಕಿವಿಗಳಿಗೆ ಒಟ್ಟೊಟ್ಟಿಗೆ ಕೆಲಸವಿರುವಾಗ ಮೂಗಿಗೂ ಚರ್ಮಕ್ಕೂ ತಡೆಯಿಲ್ಲದಿರುವುದೇ ತೆರೆದ ಕಾರಿನ ವಿಶೇಷ. ಕನಕಪುರ, ಹಲಗೂರು ಹಾದು ಮಳವಳ್ಳಿಗೆ ಬಂದು, ಅಲ್ಲಿಂದ ಕಿರುಗಾವಲು, ಬನ್ನೂರು ದಾರಿಯಾಗಿ ಮೈಸೂರು ಮುಟ್ಟುವ ಹಾದಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮದ್ದೂರಿನಿಂದ ಕೆ.ಎಂ. ದೊಡ್ಡಿಯ ಮೇಲೆ ಮಳವಳ್ಳಿಗೂ ಶಿವನಸಮುದ್ರಕ್ಕೂ ಹೋಗುವ ರಸ್ತೆಯೂ ಹಾಗೆಯೇ. ಮುಚ್ಚಿದ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಹೋಗುವವರಿಗೆ ಈ ದಾರಿ ಹಸಿರಿನ ಒಂದು ಪಟ್ಟಿ. ಟೂರರಿನಲ್ಲಿ ಕೂತವರಿಗೆ ನೀರು ಬಿಟ್ಟ ಗದ್ದೆಯ ಪಕ್ಕ ಬಂದಾಗ ಗಾಳಿ ತಣ್ಣಗಾಗುವುದು, ನಾಲೆಯ ಏರಿ ದಾಟಿದೊಡನೆ ಮತ್ತೆ ಬಿಸಿಯೇರುವುದು, ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುತ್ತಿದೆಯೋ ಸೀದಿದೆಯೋ ಎಂಬುದು ಎಲ್ಲ ಗೊತ್ತಾಗುತ್ತದೆ. ಎತ್ತರದ ಆಸನದಿಂದ ಕಬ್ಬಿನ ಬೇಲಿಯ ಆಚೆಗೂ ನೋಟ ಹರಿಯುತ್ತದೆ. ರಸ್ತೆ ಬದಿಯವರು ಕರೆದು ಯಾವ ಕಾಲದ ಗಾಡಿ, ಎಷ್ಟು ಮೈಲೇಜು ಎಂದು ಕೇಳುತ್ತಾರೆ, ಉತ್ತರ ಕೊಡುವಷ್ಟು ನಿಧಾನದಲ್ಲಿ ಕಾರೂ ಹೋಗುತ್ತಿರುತ್ತದೆ. ಮೈಲೇಜಿನ ಪ್ರಶ್ನೆ ಮಾತ್ರ ಮಾಲೀಕರಿಗೆ ಅಷ್ಟೇನೂ ಪ್ರಿಯವಲ್ಲ.

ಆದರೆ ಓಡಿಸುವ ಹಂತಕ್ಕೆ ಬರುವ ಮೊದಲು ಕಟ್ಟುವ ಹಂತವೊಂದಿದೆ, ಅದು ವರ್ಷಗಳನ್ನೇ ನುಂಗುತ್ತದೆ. ಟೂರರಿನ ದೇಹವೆಂದರೆ ಒಳಗೆ ಮರ, ಹೊರಗೆ ತಗಡು. ಬ್ರಿಟಿಷ್ ತಯಾರಕರು ಬಾಗಿಸಿದರೆ ಬಳುಕುವ ಆಶ್ ಮರವನ್ನು ಬಳಸುತ್ತಿದ್ದರು. ಗೆದ್ದಲು ಹಿಡಿದ ಆ ಚೌಕಟ್ಟಿನ ಜಾಗದಲ್ಲಿ ಇಲ್ಲಿನ ಬಡಗಿಗಳು ತೇಗದ ಮರ ಕೂರಿಸುತ್ತಾರೆ. ಮದರಾಸಿನ ಸಿಂಪ್ಸನ್ ಕಂಪನಿ 1840ರಲ್ಲಿ ಕುದುರೆ ಸಾರೋಟು ಕಟ್ಟಲು ಆರಂಭವಾಗಿ ಮುಂದೆ ಮೋಟಾರುಗಳತ್ತ ಹೊರಳಿದ್ದನ್ನು ನೆನೆದರೆ, ಈ ಕಾರುಗಳ ದೇಹ ಸಾರೋಟಿನ ನೇರ ಸಂತಾನವೆಂಬುದು ಸ್ಪಷ್ಟವಾಗುತ್ತದೆ. ಮರದ ಅರೆಗಳುಳ್ಳ ಚಕ್ರಗಳು ಮಂಡ್ಯದ ಏಪ್ರಿಲ್ ಬಿಸಿಲಿಗೆ ಒಣಗಿ ಕುಗ್ಗಿ ಕಿರುಗುಟ್ಟತೊಡಗುತ್ತವೆ, ಆಗ ಎತ್ತಿನ ಗಾಡಿಯ ಚಕ್ರ ಬಲ್ಲ ಹಿರಿಯ ಬಡಗಿಯ ಸಲಹೆ ಯಾವ ಕೈಪಿಡಿಗಿಂತಲೂ ಹೆಚ್ಚು ಒದಗಿಬರುತ್ತದೆ.

ಇಂಜಿನ್ನಿನೊಳಗಿನ ಅತ್ಯಂತ ನಾಜೂಕಿನ ಕೆಲಸ ಬೇರಿಂಗಿನದು. ಈಗಿನ ಇಂಜಿನ್ನುಗಳಲ್ಲಿ ಅಂಗಡಿಯಿಂದ ತಂದ ತೆಳು ಉಕ್ಕಿನ ಚಿಪ್ಪುಗಳನ್ನು ಕೂರಿಸಿದರೆ ಮುಗಿಯಿತು. ಆ ಕಾಲದಲ್ಲಿ ತವರಕ್ಕೆ ಸ್ವಲ್ಪ ಆಂಟಿಮನಿ, ತಾಮ್ರ ಬೆರೆಸಿದ, 1839ರಲ್ಲಿ ಐಸಾಕ್ ಬ್ಯಾಬಿಟ್ ಎಂಬಾತ ರೂಪಿಸಿದ ಬಿಳಿ ಲೋಹವನ್ನು ಕರಗಿಸಿ ನೇರವಾಗಿ ಎರಕ ಹೊಯ್ಯುತ್ತಿದ್ದರು. ಇದು ಬೇಕೆಂದೇ ಮೆತ್ತಗಿರುವ ಲೋಹ, ಎಣ್ಣೆಯೊಡನೆ ಬಂದ ದೂಳಿನ ಕಣ ತನ್ನೊಳಗೆ ಹುದುಗಲಿ, ದುಬಾರಿ ಕ್ರ್ಯಾಂಕ್ ದಂಡಕ್ಕೆ ಗೀರು ಬೀಳದಿರಲಿ ಎಂಬುದು ಅದರ ಹಿಂದಿನ ಯುಕ್ತಿ. ಎರಕ ಆರಿದ ಮೇಲೆ ದಂಡಕ್ಕೆ ನೀಲಿ ಬಣ್ಣ ಸವರಿ, ಬೇರಿಂಗಿನೊಳಗೆ ಕೂರಿಸಿ ಒಂದು ಸುತ್ತು ತಿರುಗಿಸಿ ತೆಗೆದರೆ, ಉಬ್ಬಿರುವ ಕಡೆಯಲ್ಲಿ ಮಾತ್ರ ನೀಲಿ ಅಂಟಿರುತ್ತದೆ. ಅಷ್ಟನ್ನೇ ಬಾಗಿದ ಅಲಗಿನಿಂದ ಕೂದಲೆಳೆಯಷ್ಟು ಕೆರೆದು, ಮತ್ತೆ ನೀಲಿ ಸವರಿ, ಮತ್ತೆ ಕೆರೆಯಬೇಕು. ಮೈತುಂಬ ನೀಲಿ ಸಮನಾಗಿ ಹಂಚಿದಂತೆ ಕಾಣುವವರೆಗೆ ಇದು ನಡೆಯುತ್ತದೆ. ಈ ಕೆಲಸ ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಅವರಿಗಾಗಿ ಕಾರಿನ ಮಾಲೀಕರು ಊರೂರು ಅಲೆಯುವುದೂ ಅವರ ಸಮಯಕ್ಕೆ ತಿಂಗಳುಗಟ್ಟಲೆ ಕಾಯುವುದೂ ಹವ್ಯಾಸದ ಭಾಗವೇ ಆಗಿಹೋಗಿದೆ.

ಅಸಲಿಯತ್ತಿನ ಪ್ರಶ್ನೆ ಈ ಲೋಕದ ಬಹುದೊಡ್ಡ ಜಗಳ. ಮಳವಳ್ಳಿ ತಾಲ್ಲೂಕಿನ ಬಂಡೂರು ಊರಿನ ಹೆಸರನ್ನು ನಾಡಿಗೆಲ್ಲ ಪರಿಚಯಿಸಿರುವ ಕುರಿಯನ್ನು ಕೊಳ್ಳಲು ಬರುವ ಬಲ್ಲಿದರು ಬೆಲೆ ಕೇಳುವ ಮೊದಲು ಅದರ ಹಿಂದೆ ಹೋಗಿ ನಿಲ್ಲುತ್ತಾರೆ: ಹಿಂದಿನಿಂದ ನೋಡಿದಾಗ ತೊಡೆಗಳು ತಲೆಕೆಳಗಾದ ಇಂಗ್ಲಿಷ್ ‘ಯು’ ಅಕ್ಷರದಂತೆ ಕಾಣಬೇಕು, ಕಾಲು ಗಿಡ್ಡ, ಮೈ ಗಟ್ಟಿ, ಬಿಳಿ ಮೈಗೆ ಮುಖದಲ್ಲಿ ತಿಳಿಕಂದು, ಕಿವಿ ಜೋಲು, ಇವುಗಳಲ್ಲೊಂದು ಹೊಂದದಿದ್ದರೂ ಬೆರಕೆಯೆಂದು ಅನುಮಾನ. ಹಳೆಯ ಕಾರಿನ ಪರೀಕ್ಷೆಯೂ ಇದೇ ಜಾಡಿನದು. ಚಾಸಿಯ ಮೇಲೆ ಕೊರೆದ ಸಂಖ್ಯೆ, ಇಂಜಿನ್ನಿನ ಸಂಖ್ಯೆ, ಹಳೆಯ ನೋಂದಣಿ ಪುಸ್ತಕ ಒಂದಕ್ಕೊಂದು ಹೊಂದುತ್ತವೆಯೇ, ಕಾರು ಹುಟ್ಟಿದ್ದೇ ಟೂರರ್ ಆಗಿಯೋ ಅಥವಾ ಮುಚ್ಚಿದ ಕಾರಿನ ತಲೆ ಕತ್ತರಿಸಿ ತೆರೆದ ಕಾರೆಂದು ಸೋಗು ಹಾಕಿಸಿದ್ದೋ ಎಂಬುದನ್ನು ತಿಳಿದವರು ಬಾಗಿಲಿನ ಸಂದಿಯಿಂದಲೇ ಗುರುತಿಸುತ್ತಾರೆ. ತೆರೆದ ಕಾರಿಗೆ ಬೇಡಿಕೆ ಹೆಚ್ಚಿದ್ದರಿಂದ ಇಂಥ ಕತ್ತರಿ ಪ್ರಯೋಗಗಳು ಭಾರತದಲ್ಲಿ ಸಾಕಷ್ಟು ನಡೆದಿವೆ.

ಇನ್ನೊಂದು ದೋಷ ಪ್ರೀತಿ ಅತಿಯಾದುದರಿಂದ ಬರುತ್ತದೆ. 1920ರ ದಶಕದ ಬಹುಪಾಲು ಕಾರುಗಳ ದೀಪದ ಬಳೆ, ರೇಡಿಯೇಟರಿನ ಅಂಚುಗಳಿಗೆ ನಿಕಲ್ ಲೇಪವಿತ್ತು. ಕ್ರೋಮ್ ಬಂದದ್ದು ಆ ದಶಕದ ಕೊನೆಯಲ್ಲಿ. ನಿಕಲ್ಲಿನ ಹೊಳಪಿನಲ್ಲಿ ಬೆಚ್ಚನೆಯ ಹಳದಿ ಛಾಯೆಯಿದೆ, ಕ್ರೋಮಿನದು ನೀಲಿ ಬೆರೆತ ತಣ್ಣನೆಯ ಹೊಳಪು. ಬಣ್ಣವೂ ಹಾಗೆಯೇ: ಡ್ಯೂಪಾಂಟ್ ಕಂಪನಿಯ ‘ಡ್ಯೂಕೋ’ ಎಂಬ ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣ 1923–24ರ ಸುಮಾರಿಗೆ ಬರುವವರೆಗೆ ಕಾರುಗಳಿಗೆ ವಾರ್ನಿಷನ್ನು ಬ್ರಷ್ಷಿನಿಂದ ಪದರ ಪದರವಾಗಿ ಬಳಿದು ವಾರಗಟ್ಟಲೆ ಒಣಗಿಸುತ್ತಿದ್ದರು. ಅಂಥ ಕಾರಿಗೆ ಈಗಿನ ಸ್ಪ್ರೇ ಬೂತಿನಲ್ಲಿ ಕನ್ನಡಿಯಂಥ ಮಿರುಗು ಕೊಟ್ಟು ನಿಲ್ಲಿಸಿದಾಗ ಬಹುಮಾನ ಬಂದರೂ ಬರಬಹುದು, ಆದರೆ ಅದು ಎಂದೂ ಇದ್ದಿರದ ಸ್ಥಿತಿಗೆ ಮರಳಿದ ಕಾರು. ಬಣ್ಣ ಮಾಸಿ, ಚರ್ಮದ ಆಸನ ಬಿರುಕು ಬಿಟ್ಟು, ಯಂತ್ರ ಮಾತ್ರ ಸುಸ್ಥಿತಿಯಲ್ಲಿರುವ ಮೂಲ ಕಾರು ಇದಕ್ಕಿಂತ ಹೆಚ್ಚು ಬೆಲೆಬಾಳಬೇಕು ಎಂಬ ಅಭಿಪ್ರಾಯ ಯೂರೋಪ್ ಅಮೆರಿಕಗಳ ಸಂಗ್ರಾಹಕರಲ್ಲಿ ಈಗಾಗಲೇ ನೆಲೆಯೂರಿದೆ. ಇಲ್ಲಿ ಮಿರುಗಿನ ಮೋಹ ಇನ್ನೂ ಇಳಿದಿಲ್ಲ, ಇಳಿಯುವಷ್ಟರಲ್ಲಿ ಉಳಿದಿರುವ ಮೂಲ ಬಣ್ಣಗಳೆಲ್ಲ ಉಜ್ಜಿಹೋಗಿರುತ್ತವೆಂಬ ಆತಂಕಕ್ಕೆ ಆಧಾರವಿದೆ.

ಕಬ್ಬಿನ ಜಿಲ್ಲೆಗೆ ನೇರವಾಗಿ ತಗಲುವ ತೊಡಕೊಂದು ಇತ್ತೀಚೆಗೆ ಸೇರಿಕೊಂಡಿದೆ. ಕಬ್ಬು, ಕಾಕಂಬಿ ಮತ್ತು ಧಾನ್ಯಗಳಿಂದ ತೆಗೆದ ಎಥನಾಲನ್ನು ಪೆಟ್ರೋಲಿಗೆ ಬೆರೆಸುವ ಕೇಂದ್ರ ಸರ್ಕಾರದ ಯೋಜನೆ 2025ರಲ್ಲಿ ಶೇ 20ರ ಗುರಿ ಮುಟ್ಟಿತು. ಹೊಸ ಕಾರುಗಳನ್ನು ಅದಕ್ಕೆ ತಕ್ಕಂತೆ ಮಾಡಲಾಗಿದೆ; ಟೂರರುಗಳ ಕಾಲದ ಅನೇಕ ಕಾರ್ಬುರೇಟರುಗಳಲ್ಲಿ ಪೆಟ್ರೋಲಿನ ಮಟ್ಟ ಕಾಯುವ ತೇಲುಗುಂಡು ಬಿರಡೆಯದಾಗಿದ್ದು, ಅದು ಇಂಧನ ಕುಡಿದು ಮುಳುಗದಿರಲೆಂದು ಅರಗಿನ ಲೇಪ ಕೊಡುತ್ತಿದ್ದರು. ಅರಗು ಪೆಟ್ರೋಲಿಗೆ ಜಗ್ಗದು, ಸ್ಪಿರಿಟ್ಟಿಗೆ ಕರಗುತ್ತದೆ. ಪೀಠೋಪಕರಣಕ್ಕೆ ಪಾಲಿಶ್ ಹಾಕುವವರು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಬಳಿಯುವುದು. ಎಥನಾಲ್ ಎಂದರೆ ಅದೇ ಸ್ಪಿರಿಟ್ಟು. ಲೇಪ ಕರಗಿ ತೇಲುಗುಂಡು ಭಾರವಾದರೆ ಪೆಟ್ರೋಲ್ ತುಂಬಿ ಸುರಿದು, ಬಿಸಿ ಇಂಜಿನ್ನಿನ ಮೇಲೆ ಬಿದ್ದು ಬೆಂಕಿಯ ಅಪಾಯ ಒಡ್ಡುತ್ತದೆ. ಹಳೆಯ ರಬ್ಬರು, ಸತುವಿನ ಭಾಗಗಳಿಗೂ ಎಥನಾಲ್ ಹಿತವಲ್ಲ. ಅದು ಗಾಳಿಯ ತೇವವನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹತ್ತುತ್ತದೆ. ಇದಕ್ಕೆ ಹಿತ್ತಾಳೆಯ ತೇಲುಗುಂಡು ಹಾಕುವುದು, ಇಲ್ಲವೇ ಎಥನಾಲಿಗೆ ಜಗ್ಗದ ಲೇಪ ಬಳಿಯುವುದು, ಓಡಿಸದ ದಿನಗಳಲ್ಲಿ ಟ್ಯಾಂಕು ಖಾಲಿ ಮಾಡಿಡುವುದು ಪರಿಹಾರ. ಮಂಡ್ಯದ ರೈತನಿಗೆ ಒಳಿತಾಗುವ ನೀತಿಯನ್ನು ಒಂದು ಬಿರಡೆಯ ಗುಂಡಿಗಾಗಿ ಯಾರೂ ಬದಲಿಸಲಾರರು, ಬದಲಿಸಬೇಕಾಗಿಯೂ ಇಲ್ಲ.

ಓಡಿಸದೆ ನೋಡುವುದರಲ್ಲೇ ತೃಪ್ತರಾಗುವವರಿಗೆ ಜಿಲ್ಲೆಯೊಳಗೇ ಒಂದು ತಾಣವಿದೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಕೂಡಿಹಾಕಿದ ಹಳೆಯ ಕಾರುಗಳು ಮೊದಲು ಧರ್ಮಸ್ಥಳದಲ್ಲಷ್ಟೇ ಕಾಣಸಿಗುತ್ತಿದ್ದವು. ಈಗ ಶ್ರೀರಂಗಪಟ್ಟಣದ ಸಮೀಪ ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ‘ಪಯಣ’ ಎಂಬ ವಸ್ತುಸಂಗ್ರಹಾಲಯದಲ್ಲೂ ಸಾಲುಗೊಂಡಿವೆ. ಮೈಸೂರಿನಲ್ಲಿ ದಸರೆಯ ಹೊತ್ತಿಗೆ ಹಳೆಯ ಕಾರುಗಳ ಪ್ರದರ್ಶನ ನಡೆದದ್ದೂ ಉಂಟು. ಅಲ್ಲಿ ನಿಂತ ಕಾರು ಆಕಾರವನ್ನು ಕಲಿಸುತ್ತದೆ, ಎಣ್ಣೆಯ ವಾಸನೆ, ಹ್ಯಾಂಡಲ್ಲಿನ ಒದೆತ, ಗೇರಿನ ಕಿರಿಕಿರಿಗಳು ಅಲ್ಲಿ ಸಿಗವು. ಮೇಲಾಗಿ ನಿಂತೇ ಇರುವ ಯಂತ್ರದ ಎಣ್ಣೆ ಇಳಿದು ಲೋಹ ಒಣಗುತ್ತದೆ, ರಬ್ಬರು ಗಟ್ಟಿಯಾಗುತ್ತದೆ. ಆಗಾಗ ಓಡಿಸುವುದೇ ಅದಕ್ಕೆ ಆರೈಕೆ.

ಹಾಗೆ ಓಡಿಸುವುದು ಯಾವುದಕ್ಕೆ ಎಂಬುದನ್ನು ಈಗ ಕಾನೂನೂ ಹೇಳುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈ 15ರಂದು ಪ್ರಕಟಿಸಿದ ನಿಯಮಗಳು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ, ಚಾಸಿ, ದೇಹ, ಇಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಡಾಗದ ದ್ವಿಚಕ್ರ ಮತ್ತು ನಾಲ್ಕು ಚಕ್ರ ವಾಹನಗಳನ್ನು ವಿಂಟೇಜ್ ಎಂದು ಗುರುತಿಸಿ, ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯಾಫಲಕವನ್ನು ಕೊಡುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅದರ ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ದಾಖಲೆ ಕಳೆದುಹೋದ ಎಷ್ಟೋ ಕಾರುಗಳಿಗೆ ಇದರಿಂದ ಮರುಹುಟ್ಟು ಸಾಧ್ಯವಾಯಿತೆಂಬುದು ನಿಜ. ಆದರೆ ಈ ನಿಯಮದಡಿ ನೋಂದಾಯಿಸಿದ ವಾಹನವನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ: ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ, ಇವುಗಳಿಗೆ ಹೋಗಿ ಬರಲಷ್ಟೇ ಅನುಮತಿ. ಮದುವೆಗೆ, ಸಿನಿಮಾ ಚಿತ್ರೀಕರಣಕ್ಕೆ ಬಾಡಿಗೆಗೆ ಕೊಟ್ಟರೆ ಅದು ವಾಣಿಜ್ಯ ಬಳಕೆಯಾಗುತ್ತದೆ. ಸುಮ್ಮನೆ ಒಂದು ಮುಂಜಾನೆ ಮದ್ದೂರಿಗೆ ಹೋಗಿ ವಡೆ ತಿಂದು ಶಿವನಸಮುದ್ರದ ಕಡೆ ಹೊರಳುವ ಪ್ರವಾಸ, ಅಂದರೆ ಈ ಕಾರಿಗೆ ಅದರ ಹೆಸರನ್ನು ಕೊಟ್ಟ ಕೆಲಸ, ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಅದಕ್ಕೇ ಹಳೆಯ ನೋಂದಣಿ ಇನ್ನೂ ಊರ್ಜಿತವಾಗಿರುವ ಕಾರುಗಳ ಮಾಲೀಕರಲ್ಲಿ ಕೆಲವರು ‘ವಿಎ’ ಫಲಕದ ಗೌರವಕ್ಕೆ ಆಸೆಪಡದೆ, 5 ವರ್ಷಕ್ಕೊಮ್ಮೆ ಸಾರಿಗೆ ಕಚೇರಿಗೆ ಕಾರನ್ನು ಒಯ್ದು, ತಪಾಸಣೆಗೆ ನಿಲ್ಲಿಸಿ, ಮಾಮೂಲಿ ನವೀಕರಣ ಮಾಡಿಸಿಕೊಂಡೇ ಬರುತ್ತಾರೆ.